ಸಿಂಧನೂರಿಗೆ ಎಷ್ಟು ಅಂಕ? ದಾಳದಾಟದಿಂದ ತಿಳಿಯುವ ಹಿಂದುಳಿದಿರುವಿಕೆಯ ಲೆಕ್ಕ

ಭತ್ತದ ಕಣಜವೆಂದು ಹೆಸರಾದ ಸಿಂಧನೂರು, ಹಟ್ಟಿಯ ಚಿನ್ನದ ಗಣಿಯನ್ನು ಒಡಲಲ್ಲಿ ಇರಿಸಿಕೊಂಡ ಲಿಂಗಸುಗೂರು. ರಾಯಚೂರು ಜಿಲ್ಲೆಯ ಈ ಎರಡೂ ತಾಲ್ಲೂಕುಗಳು, 2002ರಲ್ಲಿ ಸಲ್ಲಿಕೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಸಾಲಿನಲ್ಲಿವೆ. ಮಸ್ಕಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಅದು ಮುಂದುವರಿದಿತ್ತೆಂದು ಇದರ ಅರ್ಥವಲ್ಲ. ಆಗ ಮಸ್ಕಿ ಎಂಬ ತಾಲ್ಲೂಕೇ ಇರಲಿಲ್ಲ.

ಕಣಜವೂ ಗಣಿಯೂ ಇರುವ ನೆಲ ಅತ್ಯಂತ ಹಿಂದುಳಿದದ್ದು ಹೇಗೆ? ಇದಕ್ಕೆ ಉತ್ತರ ಅಂಕಗಳ ಒಂದು ಲೆಕ್ಕದಲ್ಲಿದೆ. ಆ ಲೆಕ್ಕವನ್ನು ಬಿಡಿಸಿಕೊಳ್ಳಲು ಸರ್ಕಾರಿ ವರದಿಗಿಂತ ಸುಲಭವಾದ ದಾರಿಯೊಂದಿದೆ: ದಾಳ ಉರುಳಿಸಿ ಆಡುವ ಕಾಲ್ಪನಿಕ ಪಾತ್ರಗಳ ಆಟ.

ನಮ್ಮ ಪಗಡೆಯಲ್ಲಿ, ಚೌಕಾಬಾರದಲ್ಲಿ ಎಲ್ಲ ಕಾಯಿಗಳೂ ಸಮಾನ. ಕವಡೆ ಬಿದ್ದಷ್ಟು ಮನೆ ನಡೆಯುವುದಷ್ಟೇ ಅವುಗಳ ಕೆಲಸ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಸಮಾನತೆಯನ್ನು ಕೈಬಿಟ್ಟಿತು. ಅದರಲ್ಲಿ ಆಟಗಾರನು ಒಂದು ಪಾತ್ರವಾಗುತ್ತಾನೆ. ಆ ಪಾತ್ರಕ್ಕೆ ಆರು ಗುಣಗಳಿರುತ್ತವೆ. ಬಲ, ಚುರುಕುತನ, ತಾಳಿಕೆ, ಬುದ್ಧಿ, ವಿವೇಕ ಮತ್ತು ವರ್ಚಸ್ಸು. ಒಂದೊಂದು ಗುಣಕ್ಕೂ ಒಂದೊಂದು ಅಂಕ. ಇದೇ ಸಾಮರ್ಥ್ಯಾಂಕ.

ಮೂಲ ಆಟದಲ್ಲಿ ಮೂರು ದಾಳಗಳನ್ನು ಉರುಳಿಸಿ, ಮೊತ್ತವನ್ನು ಅಂಕವಾಗಿ ಬರೆದುಕೊಳ್ಳಲಾಗುತ್ತಿತ್ತು. ಕನಿಷ್ಠ 3, ಗರಿಷ್ಠ 18. ಮೂರು ದಾಳಗಳು ಒಟ್ಟು 216 ಬಗೆಯಲ್ಲಿ ಬೀಳಬಲ್ಲವು. ಅವುಗಳಲ್ಲಿ 18 ಬರುವುದು ಒಂದೇ ಬಗೆಯಲ್ಲಿ. 10 ಅಥವಾ 11 ಬರುವುದು ತಲಾ 27 ಬಗೆಯಲ್ಲಿ. ಅಂದರೆ ಹೆಚ್ಚಿನ ಪಾತ್ರಗಳು ನಡುಮಟ್ಟದಲ್ಲೇ ಹುಟ್ಟುತ್ತವೆ. ಭೀಮನಂಥ ಬಲ, ವಿದುರನಂಥ ವಿವೇಕ ಅಪರೂಪ.

ಆದರೆ ಅಂಕ ತಾನಾಗಿ ಏನನ್ನೂ ಮಾಡುವುದಿಲ್ಲ ಎಂಬುದು ಗಮನಾರ್ಹ. ಅದರಿಂದ ಹುಟ್ಟುವ ಇನ್ನೊಂದು ಸಣ್ಣ ಸಂಖ್ಯೆ ಆಟವನ್ನು ನಡೆಸುತ್ತದೆ. ಅದರ ಹೆಸರು ಮಾಡಿಫೈಯರ್. ಕನ್ನಡದಲ್ಲಿ ತಿದ್ದುಪಡಿ ಅಂಕ ಎನ್ನಬಹುದು. 2000ದಲ್ಲಿ ಬಂದ ಮೂರನೆಯ ಆವೃತ್ತಿ ಇದಕ್ಕೊಂದು ಏಕರೂಪದ ಸೂತ್ರ ಕೊಟ್ಟಿತು: ಅಂಕದಲ್ಲಿ 10 ಕಳೆಯಬೇಕು, ಉಳಿದದ್ದನ್ನು ಎರಡರಿಂದ ಭಾಗಿಸಬೇಕು, ಅರ್ಧ ಉಳಿದರೆ ಕೆಳಗಿನ ಪೂರ್ಣಾಂಕಕ್ಕೆ ಇಳಿಸಬೇಕು. 16ಕ್ಕೆ ಮೂರು ಹೆಚ್ಚು. 10ಕ್ಕೆ ಸೊನ್ನೆ. 8ಕ್ಕೆ ಒಂದು ಕಡಿಮೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಯ ಗೋಡೆ ಏರುವ ಸನ್ನಿವೇಶವೊಂದನ್ನು ಊಹಿಸಿಕೊಳ್ಳಿ. ಬಹಮನಿ ಮತ್ತು ವಿಜಯನಗರದ ಸೇನೆಗಳು ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಶತಮಾನಗಳ ಕಾಲ ಬಡಿದಾಡಿದ್ದರಿಂದ ಕಥೆಗೆ ಬರವಿಲ್ಲ. ಆಟ ನಡೆಸುವವನು ಗೋಡೆಯ ಕಷ್ಟವನ್ನು 15 ಎಂದು ನಿಗದಿ ಮಾಡುತ್ತಾನೆ. ಏರುವವನು ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಸಂಖ್ಯೆಗೆ ತನ್ನ ಬಲದ ತಿದ್ದುಪಡಿ ಅಂಕ ಕೂಡಿಸಿ 15 ಮುಟ್ಟಬೇಕು. ಬಲ 10 ಇರುವವನಿಗೆ ದಾಳದಲ್ಲಿ 15ರಿಂದ 20ರೊಳಗೆ ಬೀಳಲೇಬೇಕು. ಅವನ ಅವಕಾಶ ಶೇ 30. ಬಲ 16 ಇರುವವನಿಗೆ 12 ಬಿದ್ದರೂ ಸಾಕು. ಅವಕಾಶ ಶೇ 45. ಬಲ 8 ಇರುವವನಿಗೆ ಶೇ 25. ಗೋಡೆ ಒಂದೇ, ದಾಳವೂ ಒಂದೇ, ಆದರೆ ಏರುವವರ ಹಣೆಬರಹ ಬೇರೆ ಬೇರೆ.

ಈಗ ನಂಜುಂಡಪ್ಪ ವರದಿಗೆ ಬರೋಣ. ಎಸ್.ಎಂ. ಕೃಷ್ಣ ಅವರ ಸರ್ಕಾರ 2000ದಲ್ಲಿ ರಚಿಸಿದ ಈ ಉನ್ನತಾಧಿಕಾರ ಸಮಿತಿ ಅಂದಿನ 175 ತಾಲ್ಲೂಕುಗಳನ್ನು 35 ಮಾನದಂಡಗಳಿಂದ ಅಳೆಯಿತು. ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಆರ್ಥಿಕ ಮೂಲಸೌಕರ್ಯ, ಶಿಕ್ಷಣ ಮತ್ತು ಆರೋಗ್ಯದಂಥ ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣಗಳು ಅದರೊಳಗೆ ಬಂದವು. ಆಟದಲ್ಲಿ 10 ಹೇಗೆ ನಡುಮಟ್ಟವೋ ಇಲ್ಲಿ ರಾಜ್ಯದ ಸರಾಸರಿ ಹಾಗೆ. ಅದನ್ನು 1 ಎಂದು ಹಿಡಿದು ಪ್ರತಿ ತಾಲ್ಲೂಕಿಗೂ ಒಂದು ಸಮಗ್ರ ಸೂಚ್ಯಂಕ ಕೊಡಲಾಯಿತು.

ವಿಧಾನ ತಿಳಿಯಲು ಒಂದು ಉದಾಹರಣೆ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36, ರಾಯಚೂರು ಜಿಲ್ಲೆಯದು ಶೇ 59.56. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.79. ಇದು ವರದಿಯ ನಂತರದ ಅಂಕಿಯೇ ಆದರೂ ಲೆಕ್ಕದ ಬಗೆ ಇಂಥದ್ದೇ. ಇಂಥ 35 ಸಂಖ್ಯೆಗಳಿಗೆ ತೂಕ ಕೊಟ್ಟು ಒಂದಾಗಿಸಿದರೆ ತಾಲ್ಲೂಕಿನ ಸೂಚ್ಯಂಕ ಸಿಗುತ್ತದೆ. 1ಕ್ಕಿಂತ ಕಡಿಮೆ ಬಂದ ತಾಲ್ಲೂಕುಗಳು 114. ಅವುಗಳಲ್ಲಿ 0.89ರಿಂದ 0.99ರವರೆಗಿನ 35 ತಾಲ್ಲೂಕುಗಳು ಹಿಂದುಳಿದವು, 0.80ರಿಂದ 0.88ರವರೆಗಿನ 40 ಅತಿ ಹಿಂದುಳಿದವು, 0.79 ಮತ್ತು ಅದಕ್ಕೂ ಕೆಳಗಿನ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ತಾಲ್ಲೂಕುಗಳು ಆಗಿನ ಗುಲ್ಬರ್ಗ ವಿಭಾಗಕ್ಕೇ ಸೇರಿದ್ದವು.

ಸಿಂಧನೂರಿನ ಒಗಟು ಬಿಡಿಸಿಕೊಳ್ಳುವುದು ಇಲ್ಲಿಯೇ. ತುಂಗಭದ್ರಾ ಎಡದಂಡೆ ನಾಲೆಯ ನೀರು, ಗದ್ದೆಗಳು, ಅಕ್ಕಿ ಗಿರಣಿಗಳು ಆ ತಾಲ್ಲೂಕಿನ ‘ಬಲ’. ಆದರೆ ಶಾಲೆ, ಆಸ್ಪತ್ರೆ, ಸಾಕ್ಷರತೆಗಳ ಕಾಲಂಗಳೂ ಅದೇ ಹಾಳೆಯಲ್ಲಿವೆ. ಆಟದಲ್ಲಿ ಆರು ಗುಣಗಳನ್ನು ಯಾರೂ ಕೂಡಿಸಿ ಭಾಗಿಸುವುದಿಲ್ಲ; ಬಲಶಾಲಿಯಾದ ದಡ್ಡನು ಬಲಶಾಲಿಯಾಗಿಯೂ ದಡ್ಡನಾಗಿಯೂ ಉಳಿಯುತ್ತಾನೆ. ಸೂಚ್ಯಂಕದಲ್ಲಿ ಎಲ್ಲವೂ ಒಂದೇ ಸಂಖ್ಯೆಯೊಳಗೆ ಕರಗುತ್ತವೆ. ನಾಲೆಯ ಮೇಲ್ಭಾಗದ ಗದ್ದೆಯವನೂ ನೀರು ತಲುಪದ ಕೊನೆಭಾಗದ ರೈತನೂ ಒಂದೇ ಅಂಕದ ಅಡಿ ಬರುತ್ತಾರೆ. ಹಟ್ಟಿಯ ವಿಷಯದಲ್ಲೂ ಹಾಗೆಯೇ. ನೆಲದಡಿಯ ಚಿನ್ನ ತಾಲ್ಲೂಕಿನ ಹಳ್ಳಿಗಳ ಶಾಲೆಯಾಗಿ, ವೈದ್ಯನಾಗಿ ತಾನೇ ಮಾರ್ಪಡುವುದಿಲ್ಲ. ಒಂದೇ ಸಂಖ್ಯೆಯ ಅಳತೆ ಆಡಳಿತಕ್ಕೆ ಅನುಕೂಲ, ನಿಜ. ಯಾವ ಗುಣ ಸೊರಗಿದೆ ಎಂಬುದನ್ನು ಮಾತ್ರ ಅದು ಮರೆಮಾಡುತ್ತದೆ. ಆ 35 ಕಾಲಂಗಳನ್ನೇ ಬಿಡಿಬಿಡಿಯಾಗಿ ಓದುವುದು ಹೆಚ್ಚು ಉಪಯುಕ್ತ.

ಇನ್ನು ತಿದ್ದುಪಡಿ ಅಂಕ. ಸೂಚ್ಯಂಕವನ್ನು 1ರಿಂದ ಕಳೆದರೆ ಉಳಿಯುವುದೇ ಕೊರತೆಯ ಪ್ರಮಾಣ. 0.79 ಇದ್ದರೆ ಕೊರತೆ 0.21, 0.60 ಇದ್ದರೆ 0.40. ಈ ಕೊರತೆಯ ಆಧಾರದ ಮೇಲೆ ಅನುದಾನ ಹಂಚಬೇಕೆಂದು ಸಮಿತಿ ಹೇಳಿತು. ಎಂಟು ವರ್ಷಗಳಿಗೆ ರೂ 31 ಸಾವಿರ ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ ಶಿಫಾರಸಾಯಿತು. ಅದರಲ್ಲಿ ಗುಲ್ಬರ್ಗ ವಿಭಾಗದ ಪಾಲು ಶೇ 40. ಯೋಜನೆ ಜಾರಿಗೆ ಬಂದದ್ದು 2007-08ರಿಂದ.

ಆಟಕ್ಕೂ ವರದಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಆಟದಲ್ಲಿ ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ: 16 ಇದ್ದವನಿಗೆ ಮೂರು ಕೂಡುತ್ತದೆ, 8 ಇದ್ದವನಿಗೆ ಒಂದು ಕಳೆಯುತ್ತದೆ. ವರದಿಯ ಚಿಹ್ನೆ ತಿರುಗುಮುರುಗು. ಎಷ್ಟು ಕಡಿಮೆಯೋ ಅಷ್ಟು ಕೂಡಿಸು ಎನ್ನುತ್ತದೆ. 2012ರ 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯೂ ಪ್ರವೇಶಾತಿ, ನೌಕರಿಗಳಲ್ಲಿ ಇದೇ ದಿಕ್ಕಿನ ತಿದ್ದುಪಡಿಯೇ. ಹುಟ್ಟಿನಿಂದ ಅಂಕ ಬರಬೇಕೆ ಎಂಬ ಚರ್ಚೆ ಆಟಗಾರರಲ್ಲೂ ನಡೆದಿದೆ. 2014ರ ನಿಯಮಗಳಲ್ಲಿ ಪಾತ್ರದ ಕುಲಕ್ಕೆ ತಕ್ಕಂತೆ ಹೆಚ್ಚುವರಿ ಅಂಕ ಸಿಗುತ್ತಿತ್ತು. 2024ರ ಪರಿಷ್ಕರಣೆ ಅದನ್ನು ಕುಲದಿಂದ ಬಿಡಿಸಿ, ಪಾತ್ರ ಬೆಳೆದುಬಂದ ಹಿನ್ನೆಲೆಗೆ ಜೋಡಿಸಿತು.

ಗೆರೆಯ ಸಮಸ್ಯೆ ಎರಡೂ ಕಡೆ ಇದೆ. ಬಲ 14 ಇದ್ದವನಿಗೂ 15 ಇದ್ದವನಿಗೂ ಸಿಗುವುದು ಎರಡೇ. 15ರವನ ಹೆಚ್ಚುವರಿ ಒಂದು ಅಂಕ ವ್ಯರ್ಥ. ಹಾಗೆಯೇ 0.79ಕ್ಕೂ 0.80ಕ್ಕೂ ನೆಲದ ಮೇಲೆ ಕಾಣುವಂಥ ಅಂತರವಿಲ್ಲ, ಆದರೆ ಹಣೆಪಟ್ಟಿ ಬೇರೆ. ಕೊರತೆಯ ಪ್ರಮಾಣದಂತೆಯೇ ಹಣ ಹಂಚಿದರೆ ಈ ಮೆಟ್ಟಿಲು ಇರುವುದಿಲ್ಲ. ಹಣೆಪಟ್ಟಿಯನ್ನೇ ಅರ್ಹತೆ ಮಾಡಿದಾಗ ಮೆಟ್ಟಿಲು ಬರುತ್ತದೆ.

ಕೊನೆಗೆ ಮಸ್ಕಿ. ಸಾಮ್ರಾಟನನ್ನು ಅಶೋಕನೆಂಬ ಹೆಸರಿನಿಂದಲೇ ಕರೆದ ಶಾಸನ 1915ರಲ್ಲಿ ಬೆಳಕಿಗೆ ಬಂದ ಈ ಊರು, 2017ರ ಬಜೆಟ್ ಘೋಷಣೆಯ ನಂತರ ತಾಲ್ಲೂಕು ಕೇಂದ್ರವಾಯಿತು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳಿಂದ ಹಳ್ಳಿಗಳನ್ನು ತೆಗೆದು ಅದನ್ನು ರಚಿಸಲಾಯಿತು. ಹೀಗಾಗಿ ಮೂರು ತಾಲ್ಲೂಕುಗಳ ಹಳೆಯ ಅಂಕಗಳಲ್ಲಿ ಯಾವುದೂ ಅದಕ್ಕೆ ಸಲ್ಲುವುದಿಲ್ಲ. ಗಡಿ ಬದಲಾದ್ದರಿಂದ ಆ ಮೂರಕ್ಕೂ ತಮ್ಮ ಹಳೆಯ ಅಂಕ ಈಗ ಪೂರ್ತಿ ಹೊಂದುವುದಿಲ್ಲ. ರಾಜ್ಯದಲ್ಲಿ ಈಗ 230ಕ್ಕೂ ಹೆಚ್ಚು ತಾಲ್ಲೂಕುಗಳಿವೆ. ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ಹೊಸ ಸಮಿತಿಯೊಂದು ರಚನೆಯಾದದ್ದು ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯುವುದಕ್ಕಾಗಿಯೇ.