ಪರದೆಯ ಮೇಲೆ ವಿಕಾರಗೊಂಡ ಕನ್ನಡ

ಕನ್ನಡದ ಜಾಲಪುಟವೊಂದನ್ನು ತೆರೆದಾಗ ಅಕ್ಷರಗಳಿರಬೇಕಾದೆಡೆಯಲ್ಲಿ ಅರ್ಥಹೀನ ಚಿಹ್ನೆಗಳ ಸಂತೆಯೊಂದು ಎದುರಾದರೆ, ಫಾಂಟೇ ಕೆಟ್ಟಿರಬೇಕೆಂದು ಬಗೆದು ಹೊಸ ಫಾಂಟುಗಳನ್ನು ಒಂದರ ಮೇಲೊಂದರಂತೆ ತಂದು ತುಂಬುವವರು ಬಹುಮಂದಿ. ವಿಕಾರದ ರೂಪವನ್ನು ಲಕ್ಷ್ಯವಿಟ್ಟು ನೋಡಿದರೆ ದೋಷದ ಸ್ಥಾನ ತಾನಾಗಿಯೇ ತಿಳಿದುಬರುವುದು. ಆ ಸ್ಥಾನವು ಅನೇಕ ವೇಳೆ ಓದುಗನ ಯಂತ್ರದಲ್ಲಿ ಇರುವುದೇ ಇಲ್ಲ.

ಗಣಕವು ಅಕ್ಷರವನ್ನರಿಯದು, ಸಂಖ್ಯೆಯನ್ನು ಮಾತ್ರ ಬಲ್ಲದು. 1991ರಲ್ಲಿ ಹೊರಬಂದ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು; ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯು ಆ ಸ್ಥಾನಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮವನ್ನು ಒದಗಿಸಿತು. ಈ ಕ್ರಮದಲ್ಲಿ ‘ಕ’ ಎಂಬ ಒಂದು ವರ್ಣವು 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ಪುಟವು ತನ್ನ ಪದ್ಧತಿ ಯಾವುದೆಂದು ಸಾರದೆ ಹೋದಾಗ, ಅಥವಾ ಸರ್ವರ್ ಅದನ್ನು ತಪ್ಪಾಗಿ ಸಾರಿದಾಗ, ಬ್ರೌಸರು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಏರ್ಪಟ್ಟ ವಿಂಡೋಸ್-1252 ಎಂಬ ಹಳೆಯ ಪಟ್ಟಿಯನ್ನು ಹಿಡಿದು, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದೇ ಓದಿಬಿಡುವುದುಂಟು. ಆಗ 224 ಎಂಬುದು ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’ ಆಗಿ, 178 ಎಂಬುದು ಮೇಲಕ್ಕೆತ್ತಿ ಬರೆದ ಪುಟ್ಟ ಎರಡರ ಅಂಕಿಯಾಗಿ ಮೈದೋರುತ್ತವೆ. ಕನ್ನಡದ ಸಕಲ ವರ್ಣಗಳೂ 224ರಿಂದಲೇ ಮೊದಲಾಗುವುದರಿಂದ, ಆ ಗೆರೆ ಹೊತ್ತ ‘ಎ’ ಮತ್ತೆ ಮತ್ತೆ ತಲೆಯೆತ್ತುತ್ತಿದ್ದರೆ, ಪಠ್ಯವು ಸಾಮಾನ್ಯವಾಗಿ ಅಕ್ಷತವಾಗಿಯೇ ಇದೆ, ಓದುವ ಕ್ರಮ ಮಾತ್ರ ತಪ್ಪಿದೆ ಎಂದು ತಿಳಿಯಬಹುದು. ಪುಟದ ಒಡೆಯನು ಎಚ್‌ಟಿಎಂಎಲ್ ಕಡತದ ಮೊದಲ 1024 ಬೈಟುಗಳೊಳಗೆ ಯುಟಿಎಫ್-8 ಎಂಬ ಘೋಷಣೆಯನ್ನಿರಿಸಿ, ಸರ್ವರ್ ಕೂಡ ಅದನ್ನೇ ನುಡಿಯುವಂತೆ ಮಾಡಬೇಕು. ಇವೆರಡಕ್ಕೂ ವಿರೋಧವೊದಗಿದರೆ ಗೆಲ್ಲುವುದು ಸರ್ವರಿನ ಮಾತೆಂಬುದನ್ನರಿಯದೆ ಕಡತವನ್ನೇ ತಿದ್ದಿ ತಿದ್ದಿ ಬಳಲುವವರುಂಟು. ಓದುಗನ ಪಾಲಿಗೆ, ಫೈರ್‌ಫಾಕ್ಸ್‌ನ ಮೆನುವಿನಲ್ಲಿ ಪಠ್ಯದ ಸಂಕೇತವನ್ನು ಸರಿಪಡಿಸುವ ಆಯ್ಕೆಯೊಂದಿದೆ.

ಬರಿಯ ಚೌಕಗಳ ಸಾಲು ಕಂಡರೆ ಮಾತ್ರ ಫಾಂಟಿನ ಅಭಾವವೆನ್ನಬಹುದು. ನೋಟೋ ಸಾನ್ಸ್ ಕನ್ನಡದಂಥದೊಂದನ್ನು ಸ್ಥಾಪಿಸಿದರೆ ಅದು ನೀಗುತ್ತದೆ. ನೋಟಕ್ಕೆ ಅತ್ಯಂತ ಸಾಧುವಾಗಿ ತೋರುವ ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ, ನನ್ನ ಮಟ್ಟಿಗೆ, ಎಲ್ಲಕ್ಕಿಂತ ಭಯಂಕರವಾದುದು. ಕನ್ನಡಕ್ಕೆ ಎಡೆಯಿಲ್ಲದ ಸಂಕುಚಿತ ಪದ್ಧತಿಯಲ್ಲಿ ಪಠ್ಯವನ್ನು ಉಳಿಸುವಾಗ ತಂತ್ರಾಂಶವು ಪ್ರತಿಯೊಂದು ವರ್ಣವನ್ನೂ ಅಳಿಸಿ ಆ ಚಿಹ್ನೆಯನ್ನಿಟ್ಟಿರುತ್ತದೆ. ಮೂಲಪ್ರತಿ ಬೇರೆಲ್ಲಿಯೋ ಉಳಿದಿದ್ದ ಹೊರತು ಅದಕ್ಕೆ ಪರಿಹಾರವಿಲ್ಲ.

‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳ ವಿಷಯ ಬೇರೆ. ಅಲ್ಲಿ ಶೇಖರಗೊಂಡಿರುವುದು ರೋಮನ್ ಲಿಪಿಯ ಸಂಕೇತಗಳೇ. ಅವುಗಳಿಗೆ ಕನ್ನಡದ ಆಕೃತಿಯನ್ನು ತೊಡಿಸಿದುದು ಫಾಂಟು. ಆ ಫಾಂಟಿಲ್ಲದ ಯಂತ್ರದಲ್ಲಿ ಅವು ರೋಮನ್ ಅಕ್ಷರಗಳಾಗಿಯೇ ಕಾಣುವುದರಿಂದ, ಅಂಥ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತರುವುದೇ ಯುಕ್ತ. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ವ್ಯಂಜನದ ಅನಂತರ ಬರುತ್ತದೆ, ಯೂನಿಕೋಡಿನಲ್ಲಿ ರೇಫವು ವ್ಯಂಜನಕ್ಕೆ ಮುಂಚೆ ಬರಬೇಕು. ಆದುದರಿಂದ ಪರಿವರ್ತನೆಯಾದೊಡನೆ ‘ಧರ್ಮ’, ‘ಸೂರ್ಯ’ದಂಥ ಶಬ್ದಗಳನ್ನು ಹುಡುಕಿ, ಅವು ಸರಿಯಾಗಿ ಮೂಡಿವೆಯೇ ಎಂದು ಕಣ್ಣಾರೆ ನೋಡತಕ್ಕದ್ದು.