ಅವ್ವನೊಡನೆ ಒಂದು ಕಪ್ಪು ಚಹಾ

ಜುಲೈ 26 ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಯೇಸುಸ್ವಾಮಿಯ ಅಜ್ಜ ಅಜ್ಜಿಯರ ಹಬ್ಬವಿದು. ವಿಶ್ವಗುರು ಫ್ರಾನ್ಸಿಸ್‌ರವರು 2021ರಲ್ಲಿ ಇದರ ಸಮೀಪದ ಭಾನುವಾರವನ್ನು, ಅಂದರೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು, ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವೆಂದು ಗೊತ್ತುಮಾಡಿದರು. ಅಂದು ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಹೂ ಕೊಡುತ್ತೇವೆ. ಆದರೆ ಅಂದೂ ಮನೆಯಲ್ಲೇ ಉಳಿಯುವ ಹಿರಿಯರಿದ್ದಾರೆ. ನಮ್ಮ ಅವ್ವ ಎರಡು ವರ್ಷ ಹಾಗೆ ಉಳಿದರು. ಉಳಿದರು ಎನ್ನುವುದಕ್ಕಿಂತ, ನಾವು ಉಳಿಸಿದೆವು ಎನ್ನುವುದೇ ಸರಿ. ಬಲಿಪೂಜೆಯ ನಡುವೆ ಎದ್ದು ನಿಂತು ಏನಾದರೂ ಅಂದಾರು, ಜನ ತಿರುಗಿ ನೋಡಾರು ಎಂಬ ನಾಚಿಕೆ ನಮಗೆ.

ಅವ್ವ ಹುಟ್ಟಿದ್ದು ಬಸವನ ಬಾಗೇವಾಡಿ ಕಡೆಯ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಆ ಹಳ್ಳಿ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ನಾವಿರುವುದು ಮುದ್ದೇಬಿಹಾಳದಲ್ಲಿ. ದಿನವೂ ಹೊತ್ತು ಮುಳುಗುವಾಗ ಅವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಿದ್ದರು. "ಕತ್ತಲಾತು, ನಡೀರಿ, ಮನಿಗೆ ಹೋಗೂಣು." ನಾವು ಸತ್ಯವನ್ನೇ ಹೇಳುತ್ತಿದ್ದೆವು: ಆ ಊರು ಮುಳುಗಿದೆ, ಮನೆಯೂ ಇಲ್ಲ. ಅವ್ವ ಅದನ್ನು ಆಗಷ್ಟೇ ಕೇಳಿದವರಂತೆ ಅಳುತ್ತಿದ್ದರು. ಒಂದು ಸಂಜೆ ಮೂರು ಸಲ ಹೇಳಿದೆವು. ಮೂರು ಸಲವೂ ಅತ್ತರು.

ಅರವತ್ತಕ್ಕೆ ಅರಳುಮರಳು ಎಂದುಕೊಂಡು ನಾವು ಸುಮ್ಮನಿದ್ದದ್ದು ತಪ್ಪು. ಡಿಮೆನ್ಶಿಯ ಮೆದುಳಿನ ಕಾಯಿಲೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಆಲ್‌ಝೈಮರ್. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಹಾಗೆಂದು ಎಲ್ಲ ಮರೆವೂ ಇದೇ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಮಂಕು ತರಬಲ್ಲವು, ಇವಕ್ಕೆ ಚಿಕಿತ್ಸೆಯುಂಟು. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಬೇಕು. 2022ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ ಮೆದುಳು ಆರೋಗ್ಯ ಯೋಜನೆಯನ್ನು ಆರಂಭಿಸಿದ ಮೇಲೆ ಜಿಲ್ಲಾ ಆಸ್ಪತ್ರೆಗಳ ಮಟ್ಟದಲ್ಲೂ ಇದಕ್ಕಾಗಿ ಕ್ಲಿನಿಕ್‌ಗಳು ಬರತೊಡಗಿವೆ. ಇಂಡಿ, ಸಿಂದಗಿಯವರು ಬೆಂಗಳೂರಿಗೆ ಹೊರಡುವ ಮುನ್ನ ವಿಜಯಪುರದಲ್ಲಿ ವಿಚಾರಿಸುವುದು ಒಳ್ಳೆಯದು. ನೋಡಿಕೊಳ್ಳುವವರ ಮನಸ್ಸೇ ಕುಸಿದಾಗ 14416 ಸಂಖ್ಯೆಯ ಟೆಲಿಮಾನಸ್‌ಗೆ ಫೋನ್ ಮಾಡಬಹುದು.

ನಾವು ಬೆಂಗಳೂರಿಗೆ ಹೋಗಿದ್ದಾಗ ಯಾರೋ ಡಿಮೆನ್ಶಿಯ ಕೆಫೆಯ ಬಗ್ಗೆ ಹೇಳಿದರು. ಕೆಫೆ ಎಂದೊಡನೆ ಹೋಟೆಲು ಎಂದುಕೊಂಡು ಜೇಬು ಮುಟ್ಟಿಕೊಂಡೆವು! ಅದು ಹೋಟೆಲಲ್ಲ, ಚಿಕಿತ್ಸೆಯೂ ಅಲ್ಲ, ಬಿಟ್ಟು ಬರುವ ಆಶ್ರಮವಂತೂ ಅಲ್ಲ. ಮರೆವಿನವರೂ ಅವರ ಮನೆಯವರೂ ಒಟ್ಟಿಗೆ ಕೂತು ಚಹಾ ಕುಡಿಯುವ ಕೂಟ. ಇದನ್ನು ಆರಂಭಿಸಿದವರು ನೆದರ್‌ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞ ಬೇರೆ ಮೀಸೆನ್. ಗಂಡ ಹೆಂಡಿರ ನಡುವೆ, ತಂದೆ ತಾಯಿ ಮಕ್ಕಳ ನಡುವೆ ಕೂಡ ಈ ಕಾಯಿಲೆಯ ಮಾತು ಬಾಯಿಗೆ ಬರುವುದಿಲ್ಲವೆಂಬುದನ್ನು ಅವರು ಕಂಡರು. 1997ರ ಸೆಪ್ಟೆಂಬರ್ 15ರಂದು ಲೈಡನ್ ನಗರದಲ್ಲಿ ಮೊದಲ ಕೂಟ ನಡೆಯಿತು. ಮೊದಲು ಚಹಾ ಕಾಫಿ, ಆಮೇಲೆ ತಿಳಿದವರೊಬ್ಬರ ಮಾತು, ಮತ್ತೆ ಬಿಡುವು, ಪ್ರಶ್ನೆ, ಕೊನೆಗೆ ಹರಟೆ. 2000ದಲ್ಲಿ ಇಂಗ್ಲೆಂಡಿಗೆ ಬಂತು. ಅಲ್ಲಿ ಎಷ್ಟೋ ಕೂಟಗಳು ಚರ್ಚಿನ ಸಭಾಂಗಣಗಳಲ್ಲೇ ನಡೆಯುತ್ತವೆ.

ಬಾಗಿಲಲ್ಲಿ ನಮ್ಮ ಕಾಲೇ ತಡೆಯಿತು. ಒಳಗೆ ಹೋದರೆ ಅವ್ವನಿಗೆ ಕಾಯಿಲೆ ಇರುವುದನ್ನು ಎಲ್ಲರೆದುರು ಒಪ್ಪಿದ ಹಾಗೆ. ಅವ್ವನಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಚಹಾದ ವಾಸನೆ ಹಿಡಿದು ನಡೆದೇಬಿಟ್ಟರು. ಅಲ್ಲಿ ಯಾರೂ "ಇವರು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಲಿಲ್ಲ. ನಾವು ಮನೆಯಲ್ಲಿ ದಿನವೂ ಮಾಡುತ್ತಿದ್ದದ್ದು ಅದನ್ನೇ. ಅವ್ವ ಸಕ್ಕರೆಯನ್ನು ನಾಲ್ಕು ಸಲ ಹಾಕಿಕೊಂಡರು. ಯಾರೂ ನೋಡಲಿಲ್ಲ, ಅಥವಾ ನೋಡಿಯೂ ನೋಡದಂತಿದ್ದರು. ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರು ಹೆಂಡತಿಯನ್ನೇ "ನೀವು ಯಾರ ಪೈಕಿ?" ಎಂದು ಕೇಳಿದರು. ಆಕೆ ನಕ್ಕು, "ನಿಮ್ಮ ಪೈಕಿನೇ" ಎಂದರು. ನಾವು ಆ ನಗುವನ್ನು ನೋಡುತ್ತಾ ಕೂತೆವು.

ಮನೆಗೆ ಹೋಗೋಣ ಎಂದಾಗ ಏನು ಹೇಳಬೇಕೆಂದು ಅಲ್ಲಿಯೇ ಕೇಳಿದೆವು. ತಿದ್ದಬೇಡಿ, ಆ ಮನೆಯ ಬಗ್ಗೆ ಕೇಳಿ ಎಂದರು. ಹೊಸ ನೆನಪು ಹಿಡಿದಿಡುವ ಮೆದುಳಿನ ಭಾಗ ಈ ಕಾಯಿಲೆಯಲ್ಲಿ ಮೊದಲೇ ಸೊರಗುವುದರಿಂದ ಬೆಳಗಿನ ತಿಂಡಿ ಮರೆತುಹೋಗುತ್ತದೆ. ಬಾಲ್ಯ, ಹಾಡು, ರೂಢಿಯ ಜಪ ಬಹುಕಾಲ ಉಳಿಯುತ್ತವೆ. ನಮ್ಮ ಹೆಸರು ತಪ್ಪಿದ ಅವ್ವ ಜಪಸರದಲ್ಲಿ ಒಂದು ಮಣಿಯನ್ನೂ ತಪ್ಪಿಸುತ್ತಿರಲಿಲ್ಲ. ಅದರ ಕಾರಣ ನಮಗೆ ಅಂದು ತಿಳಿಯಿತು.

ಮೊದಲ ಸಲ ಹೋಗುವವರಿಗೆ ಒಂದೆರಡು ಮಾತು. ಮರೆವಿನವರ ಸಭೆ ಎನ್ನದೆ, ಚಹಾಕ್ಕೆ ಹೋಗೋಣ ಎನ್ನಿ, ಅದು ಸುಳ್ಳಲ್ಲ. ಸಂಜೆ ಗಲಿಬಿಲಿ ಹೆಚ್ಚುವವರಿದ್ದರೆ ಬೆಳಗಿನ ಕೂಟವೇ ಲೇಸು. ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ (ನಾವು ಮರೆತಿದ್ದೆವು). ಗದ್ದಲಕ್ಕೆ ಹೆದರುವವರನ್ನು ಬಾಗಿಲ ಹತ್ತಿರ ಕೂರಿಸಿ, ಇಪ್ಪತ್ತು ನಿಮಿಷಕ್ಕೇ ಎದ್ದರೆ ಕರೆದುಕೊಂಡು ಬನ್ನಿ.

ನಮ್ಮೂರಿಂದ ಬೆಂಗಳೂರು ಐನೂರು ಕಿಲೋಮೀಟರಿನಷ್ಟು ದೂರ. ತಿಂಗಳಿಗೊಮ್ಮೆ ಚಹಾಕ್ಕಾಗಿ ಹೋಗಲಾದೀತೇ? ಊರಿಗೆ ಮರಳಿದ ಮೇಲೆ, ಇದೇ ಕಷ್ಟದಲ್ಲಿರುವ ಇನ್ನೊಂದು ಮನೆಯವರನ್ನು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಪಡಸಾಲೆಗೆ ಕರೆದೆವು. ಅವರೂ ತಮ್ಮ ಅಜ್ಜನನ್ನು ಹೊರಗೆ ತಂದು ಬಹಳ ದಿನವಾಗಿತ್ತು. ಅವ್ವ ಆತನಿಗೆ ತಮ್ಮ ಊರಿನ ದೋಣಿ, ಹೊಳೆಯ ದಂಡೆಯ ಬದನೆ ಹೊಲ ಎಲ್ಲ ಹೇಳಿದರು. ಮತ್ತೆ ಮೊದಲಿಂದ ಹೇಳಿದರು. ಆತ ಎರಡೂ ಸಲ ಮೊದಲ ಬಾರಿ ಕೇಳಿದವರಂತೆ ಕೇಳಿದರು. ನಾವು ಇನ್ನೊಂದು ಸುತ್ತು ಚಹಾಕ್ಕಿಟ್ಟೆವು.