ಬೀಸುಕಲ್ಲಿಗೂ ಅತ್ತ ಲಾವಣಿ

ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ತೇರು ಎಳೆದು ಮುಗಿದರೂ ಜಾತ್ರೆಯ ಜನ ಕರಗುವುದಿಲ್ಲ. ನಾಟಕ ಕಂಪನಿಗಳ ತಗಡಿನ ಥೇಟರುಗಳ ಮುಂದೆ ಮಧ್ಯರಾತ್ರಿಯಲ್ಲೂ ಟಿಕೆಟ್ಟಿನ ಸಾಲು ಇರುತ್ತದೆ. ಒಂದು ವರ್ಷ ಆ ಗದ್ದಲದಿಂದ ತುಸು ಆಚೆಗೆ, ಮಿಠಾಯಿ ಅಂಗಡಿಗಳ ಹಿಂದೆ, ಗೀಗೀ ಮೇಳವೊಂದು ಹಲಗಲಿ ಬೇಡರ ಪದ ಎತ್ತಿಕೊಂಡಿತ್ತು. ಒಬ್ಬನ ಕೈಯಲ್ಲಿ ದಪ್ಪು, ಇನ್ನೊಬ್ಬನದು ತುಂತುಣಿ, ಮೂರನೆಯವನದು ತಾಳ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿರುವ ಲಾವಣಿಯೇ ಅದು. ನನಗೆ ಗೊತ್ತಿರುವ ಪದ ಎಂದುಕೊಂಡೇ ಕೂತೆ.

ಕಾಳಗದ ಭಾಗ ಬಂದಾಗ ಗಂಡಸರು ಸಿಳ್ಳೆ ಹಾಕಿದರು. ಆಮೇಲೆ ದಂಡಿನವರು ಮನೆ ಹೊಕ್ಕು ದೋಚಿದ ಭಾಗ ಬಂತು. ದಪ್ಪಿನವನು ಅಂಗೈ ಬಿಟ್ಟು ಬೆರಳ ತುದಿಯಲ್ಲಷ್ಟೇ ಮುಟ್ಟತೊಡಗಿದ. ಹಾಲು, ಮೊಸರು, ಉಪ್ಪು, ಅರಿಷಿಣ, ಬೆಲ್ಲ, ಕೊಡಲಿ, ತಟ್ಟೆ, ತಾಳಿ, ಕೊನೆಗೆ ಬೀಸುಕಲ್ಲು. ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುಂಡಿಗೆ ಬಿದ್ದವರ ಹೆಸರು ಬಂದಾಗ ಸುಮ್ಮನೆ ಕೇಳಿದ್ದವಳು ಬೀಸುಕಲ್ಲಿಗೆ ಅತ್ತಳು.

ಆ ರಾತ್ರಿಯಿಂದ ಈ ಲಾವಣಿಯನ್ನು ಬರೀ ವೀರಗಾಥೆ ಎಂದು ಒಪ್ಪಿಕೊಳ್ಳಲು ನನಗೆ ಆಗಿಲ್ಲ. ಇದು ಒಂದು ಊರು ಸತ್ತದ್ದಕ್ಕೆ ಅತ್ತ ಅಳು.

ಹಲಗಲಿ ಚೊಳಚಗುಡ್ಡ ಇರುವ ಇದೇ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಊರು. ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಉತ್ತರದ ಕಡೆ ಸಿಪಾಯಿಗಳು ತಿರುಗಿಬಿದ್ದಾಗ, ಬೆದರಿದ ಕಂಪನಿ ಸರ್ಕಾರ ಜನರ ಹತ್ತಿರ ಇದ್ದ ಹತಾರಗಳನ್ನೆಲ್ಲ ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಬೇಡರಿಗೆ ಬೇಟೆಯೂ ಹತಾರದಿಂದ, ಮಾನವೂ ಹತಾರದಿಂದ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಗಿ ನಿಂತು, ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಕುದುರೆ ದಂಡು ಬಂದು ಊರಿಗೆ ಮುತ್ತಿಗೆ ಹಾಕಿತು, ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಯ ದಿನವೇ, ಗಲ್ಲಿಗೇರಿಸಿದರು. ಇನ್ನು 6 ಜನರನ್ನು ಡಿಸೆಂಬರ್ 14ರಂದು ಅವರದೇ ಊರು ಹಲಗಲಿಯಲ್ಲಿ.

ಸಂತೆಯ ದಿನ ನೇಣು ಹಾಕಿದ್ದು ನಾಲ್ಕೂರಿನ ಜನ ನೋಡಿ ಹೆದರಲಿ ಎಂದು. ಜನ ನೋಡಿದರು. ಉಪ್ಪು, ಎಣ್ಣೆಯ ಜೊತೆಗೆ ಆ ಸುದ್ದಿಯನ್ನೂ ಗಂಟು ಕಟ್ಟಿಕೊಂಡು ಊರೂರಿಗೆ ಹೋಗಿರಬೇಕು. ಯಾಕೆಂದರೆ ಲಾವಣಿ ಹುಟ್ಟಿದ್ದು ಹಲಗಲಿಯವನ ಬಾಯಲ್ಲಲ್ಲ. ಪದದ ಕೊನೆಗಿರುವ ಅಂಕಿತ ಕುರ್ತಕೋಟಿ ಕಲ್ಮೇಶನದು. ಕುರ್ತಕೋಟಿ ಗದಗ ಸೀಮೆಯದು, ಮಲಪ್ರಭೆಯಿಂದಲೂ ಆಚೆ. ಕವಿ ತನ್ನ ಹೆಸರು ಹೇಳಿಕೊಳ್ಳದೆ ತನ್ನೂರ ದೇವರನ್ನು ನೆನೆದು ಪದ ಮುಗಿಸಿದ. ಕಾಣದ ಊರಿನ ಸಾವಿಗೆ ಅವನು ಯಾಕೆ ಅತ್ತ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ನಮ್ಮ ಕಡೆ ಸತ್ತ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವನು ದೊಡ್ಡವನಿದ್ದ, ಒಳ್ಳೆಯವನಿದ್ದ ಎನ್ನುವುದು ಕಡಿಮೆ. ನೀ ಹೊದಿಯೂ ಕಂಬಳಿ ಇಲ್ಲೇ ಐತಲ್ಲೋ, ನೀ ಕಟ್ಟಿದ ಎತ್ತು ನಿನ್ನ ದಾರಿ ನೋಡ್ತೈತಲ್ಲೋ ಎಂದು ಒಂದೊಂದೇ ವಸ್ತು ಎತ್ತಿ ಎತ್ತಿ ಅಳುತ್ತಾರೆ. ಲಾವಣಿಕಾರ ಇದನ್ನು ಕೇಳಿಯೇ ಬೆಳೆದವನು. ಮರಾಠಿ ನೆಲದ ಒಡನಾಟದಲ್ಲಿ ಬಂದ ಗಂಡುಮೆಟ್ಟಿನ ಲಾವಣಿ, ಅದರ ಪಲ್ಲ, ಚೌಕ, ಏರು ಎಲ್ಲ ಕಟ್ಟುನಿಟ್ಟು. ಅದರೊಳಗೆ ಅವನು ಹೆಣದ ಮುಂದೆ ಕೂತ ಹೆಂಗಸಿನ ಅಳುವನ್ನು ತಂದಿಟ್ಟ ಎಂದೇ ನನ್ನ ನಂಬಿಕೆ. ಒಂದು ಮನೆಯ ಹೆಣಕ್ಕೆ ಆ ಮನೆಯ ಹೆಂಗಸರಿದ್ದಾರೆ. ಊರಿಗೆ ಊರೇ ಸುಟ್ಟು ಬೂದಿಯಾದರೆ ಹಾಡ್ಯಾಡಿ ಅಳಲು ಹೊರಗಿನವನೇ ಬರಬೇಕು.

ಆ ರೂಢಿಯೂ ಇಲ್ಲಿ ಹೊಸದಲ್ಲ. ಮೊಹರಂ ಬಂತೆಂದರೆ ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ ಪದ ಏಳುತ್ತವೆ. 680ರಲ್ಲಿ ದೂರದ ಕರ್ಬಲಾದಲ್ಲಿ ನೀರಿಲ್ಲದೆ ಬಾಯಾರಿ ಮಡಿದ ಹುಸೇನರ ಬಳಗಕ್ಕೆ ಕನ್ನಡದಲ್ಲಿ ಶೋಕ. ಹಾಡುವವರಲ್ಲಿ ಮುಸಲ್ಮಾನರಿದ್ದಾರೆ, ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ಬೇಡರಿದ್ದಾರೆ. ಬರಗಾಲ ಕಂಡವರಿಗೆ ನೀರಡಿಕೆಯ ಸಾವು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೇರೆಯವರ ಹೆಣಕ್ಕೆ ಹಾಡಿ ಅಳುವುದನ್ನು ಈ ನೆಲ ವರ್ಷಕ್ಕೊಮ್ಮೆ ರೂಢಿ ಮಾಡಿಕೊಂಡೇ ಬಂದಿದೆ.

ಲಾವಣಿ ಕಾಗದಕ್ಕೆ ಇಳಿದದ್ದು ಮಾತ್ರ ಯಾರೂ ಎಣಿಸದ ಕೈಯಿಂದ. ಜಾನ್ ಫೇಯ್ತ್‌ಫುಲ್ ಫ್ಲೀಟ್, ಮುಂಬಯಿ ಸರ್ಕಾರದ ಅಧಿಕಾರಿ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ಓದಿ ಪ್ರಕಟಿಸಿದವನು. ಅದೇ ಮನುಷ್ಯ ಹಲಗಲಿಯ ಪದವನ್ನೂ ಬರೆಸಿಕೊಂಡು, 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದ ಕನ್ನಡ ಲಾವಣಿಗಳಲ್ಲಿ ಸೇರಿಸಿದ. ಸಂಗೊಳ್ಳಿ ರಾಯಣ್ಣನ ಪದವೂ ಅದರಲ್ಲಿತ್ತು. ತನ್ನದೇ ಸರ್ಕಾರದ ದಂಡು ಸುಟ್ಟ ಊರಿನ ಅಳುವನ್ನು ಅವನು ಅಕ್ಷರಕ್ಕೆ ಅಕ್ಷರ ಉಳಿಸಿಕೊಟ್ಟ. ಅದಕ್ಕೆ ಕೈ ಮುಗಿಯುತ್ತೇನೆ. ಮುಂದೆ ಬಿ.ಎಸ್. ಗದ್ದಗಿಮಠರಂಥ ವಿದ್ವಾಂಸರ ಸಂಗ್ರಹದಿಂದ ಅದು ನಮ್ಮ ಮಕ್ಕಳ ಪುಸ್ತಕಕ್ಕೆ ಬಂತು.

ಪುಸ್ತಕಕ್ಕೆ ಬಂದ ಮೇಲೆ ಮಕ್ಕಳಿಗೆ ಕೇಳುವ ಪ್ರಶ್ನೆ: ಹಲಗಲಿಯ ನಾಲ್ವರು ಪ್ರಮುಖರು ಯಾರು? ನಿಶ್ಶಸ್ತ್ರೀಕರಣ ಕಾಯ್ದೆ ಯಾವಾಗ ಬಂತು? ಕೇಳಬೇಕಾದದ್ದೇ. ಆದರೆ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ದೋಚಿದ ಸಾಮಾನಿನ ಸಾಲುಗಳು ಬಂದಾಗ ದಯವಿಟ್ಟು ಓಡಿಸಬೇಡಿ. ಅವನ್ನು ಜೋರಾಗಿ ಓದಿಸಿ, ಒಂದೊಂದು ವಸ್ತುವಿಗೂ ತುಸು ನಿಲ್ಲಿಸಿ.

ಆ ರಾತ್ರಿ ಪದ ಮುಗಿದ ಮೇಲೆ ಮೇಳದವನು ದಪ್ಪಿನ ಚರ್ಮಕ್ಕೆ ಬೆಂಕಿಯ ಕಾವು ಹಿಡಿಯುತ್ತಿದ್ದ. ಪಕ್ಕಕ್ಕೆ ಹೋಗಿ ಕೇಳಿದೆ, “ಯಣ್ಣಾ, ಅಲ್ಲಿ ಯಾಕ ಅಷ್ಟು ಮೆಲ್ಲಗ ಬಾರಿಸಿದ್ರಿ?”

“ಅದು ಬಾರಸೂ ಜಾಗಾ ಅಲ್ರೀ,” ಎಂದ. ದಪ್ಪನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಮತ್ತೆ ಕಾವಿಗೆ ಹಿಡಿದ.